ಹತ್ತೊಂಬತ್ತರ ಹಿರಿಯ

ಎಲ್ಲಿಗೆ, ಯಾಕೆ ಎಂಬುದು ಗೊತ್ತಾಗುವ ಮೊದಲೇ ನಾನು ಹೊರಡಲು ತಯಾರಾಗಿಬಿಟ್ಟಿದ್ದೆ. ಮೂರು ಬಿಳಿ ಅಂಗಿ, ಎರಡು ಕರಿ ಪ್ಯಾಂಟು, ಒಂದು ಕಡುನೀಲಿ ಟೈ ಹುಬ್ಬಳ್ಳಿಯ ದುರ್ಗದಬೈಲಿನಿಂದ ಬಂದು ಟ್ರಂಕಿನಲ್ಲಿ ಕೂತಿದ್ದವು. ಬಾಕಿ ಉಳಿದಿದ್ದು ಧ್ಯೇಯ ಒಂದೇ. ಅದನ್ನು ಹೋಗುವ ದಾರಿಯಲ್ಲಿ ಎಲ್ಲಾದರೂ ನೋಡಿಕೊಂಡರಾಯಿತು ಅಂದುಕೊಂಡಿದ್ದೆ.

ಇದಕ್ಕೆಲ್ಲ ಮೂಲ ಬೆಂಗಳೂರಿನ ಅಕ್ಕನ ಬಾಡಿಗೆ ಮನೆ. 2018ರ ಬೇಸಿಗೆ. ಬಿ.ಕಾಂ. ಎರಡನೇ ವರ್ಷ ಮುಗಿಸಿ ಹದಿನೈದು ದಿನ ತಿಂದು ಮಲಗಲೆಂದು ಹೋಗಿದ್ದೆ. ಕೆಳಗಿನ ಮನೆಯಲ್ಲಿ ಓನರ್ ಕುಟುಂಬ. ಅವರ ಮಗ ನನ್ನದೇ ವಯಸ್ಸಿನವನು, ಡಿಗ್ರಿಯನ್ನು ನಡುವೆ ನಿಲ್ಲಿಸಿ ‘ಮಿಷನ್’ಗೆ ಹೊರಟಿದ್ದ. ಅವರು ಮಾರ್ಮನ್ನರು. ಆ ಹೆಸರನ್ನೇ ನಾನು ಕೇಳಿರಲಿಲ್ಲ. ನಮ್ಮ ಅತ್ತಿವೇರಿಯ ಮನೆಯ ಗೋಡೆಯಲ್ಲಿ ಬಸವಣ್ಣ, ಕ್ಯಾಲೆಂಡರಿನಲ್ಲಿ ಹುಬ್ಬಳ್ಳಿಯ ಸಿದ್ಧಾರೂಢರು. ಅದರಾಚೆಗಿನ ಧಾರ್ಮಿಕ ಜ್ಞಾನಕ್ಕೆ ನಮ್ಮಲ್ಲಿ ಮೊಳೆ ಹೊಡೆದಿರಲಿಲ್ಲ. ಅವನೇ ಬಿಡಿಸಿ ಹೇಳಿದ: 1830ರಲ್ಲಿ ಅಮೆರಿಕದಲ್ಲಿ ಜೋಸೆಫ್ ಸ್ಮಿತ್ ಎಂಬುವವರು ಶುರುಮಾಡಿದ್ದು, ಈಗ ಸಾಲ್ಟ್ ಲೇಕ್ ಸಿಟಿ ಅವರಿಗೆ ಹಿರಿಮಠವಿದ್ದ ಹಾಗೆ. ಹುಡುಗರು ಹದಿನೆಂಟು ತುಂಬಿದ ಮೇಲೆ ಎರಡು ವರ್ಷ, ಹುಡುಗಿಯರು (ಆಗಿನ ನಿಯಮದಂತೆ) ಹತ್ತೊಂಬತ್ತು ತುಂಬಿದ ಮೇಲೆ ಒಂದೂವರೆ ವರ್ಷ ಮನೆ ಬಿಟ್ಟು ಧರ್ಮಪ್ರಚಾರಕ್ಕೆ ಹೋಗುತ್ತಾರೆ. ಎಲ್ಲಿಗೆ ಅಂತ ಆರಿಸಿಕೊಳ್ಳುವ ಹಾಗಿಲ್ಲ, ಮೇಲಿನಿಂದ ಕರೆ ಬರಬೇಕು. ಅವನಿಗೆ ದೆಹಲಿ ಬಂದಿತ್ತು. ಬೆಂಗಳೂರಿನಲ್ಲಿಯೇ 1993ರಿಂದ ಅವರದೊಂದು ಮಿಷನ್ ಇದೆಯಂತೆ. ಆ ಏಪ್ರಿಲ್‌ನಲ್ಲಷ್ಟೇ ಭಾರತದ ಮೊದಲ ದೇವಾಲಯವನ್ನೂ ಬೆಂಗಳೂರಿನಲ್ಲೇ ಕಟ್ಟುವುದಾಗಿ ಅವರ ಅಧ್ಯಕ್ಷರು ಘೋಷಿಸಿದ್ದರಿಂದ ಕೆಳಗಿನ ಮನೆಯಲ್ಲಿ ದಿನಾ ಹಬ್ಬ.

ಸತ್ಯ ಹೇಳುತ್ತೇನೆ, ಅವನ ಧರ್ಮ ನನ್ನನ್ನು ಒಂದಿಷ್ಟೂ ಅಲುಗಿಸಲಿಲ್ಲ. ಅಲುಗಿಸಿದ್ದು ಅವನ ತಯಾರಿ. ಇಡೀ ಮನೆ ಅವನ ಸುತ್ತ ಸುತ್ತುತ್ತಿತ್ತು. ತಾಯಿ ಬಿಳಿ ಅಂಗಿಗಳಿಗೆ ಇಸ್ತ್ರಿ ಹಾಕಿ ಎಣಿಸುತ್ತಿದ್ದರು, ತಂದೆ ಸೂಟ್‌ಕೇಸಿನ ಚಕ್ರ ತಿರುಗಿಸಿ ಪರೀಕ್ಷೆ ಮಾಡುತ್ತಿದ್ದರು, ಪರಿಚಯದವರೆಲ್ಲ ಊಟಕ್ಕೆ ಕರೆಯುತ್ತಿದ್ದರು. ಹತ್ತೊಂಬತ್ತರ ಹುಡುಗನೊಬ್ಬನನ್ನು ಇಷ್ಟು ಜನ ಇಷ್ಟು ಗಂಭೀರವಾಗಿ ನೋಡಿದ್ದನ್ನು ನಾನು ಕಂಡೇ ಇರಲಿಲ್ಲ. ನಾನು ಹುಬ್ಬಳ್ಳಿಯ ಹಾಸ್ಟೆಲ್ಲಿಗೆ ಹೊರಟಾಗ ಅಪ್ಪ ಅಂದಿದ್ದು ಇಷ್ಟೇ: ‘ಹೊಂಟಿ ಅಂದ್ರ ಹಂಗ ಆ ಪಂಪಸೆಟ್ಟಿನ ಸ್ಟಾರ್ಟರ್ ರಿಪೇರಿಗೆ ಕೊಟ್ಟ ಹೋಗು.’

ಕೊನೆಯ ಏಟು ಬಿದ್ದಿದ್ದು ಅವನ ಎದೆಯ ಕರಿ ಪಟ್ಟಿಯ ವಿಷಯ ಕೇಳಿದಾಗ. ಅದರ ಮೇಲೆ ಮನೆತನದ ಹೆಸರಿನ ಹಿಂದೆ ‘ಎಲ್ಡರ್’ ಅಂತ ಇರುತ್ತದಂತೆ. ಎಲ್ಡರ್! ಹಿರಿಯ! ಹತ್ತೊಂಬತ್ತಕ್ಕೇ! ನಮ್ಮ ಕಡೆ ಹಿರಿಯ ಅನಿಸಿಕೊಳ್ಳಬೇಕೆಂದರೆ ಮೊದಲು ಮಂಡಿ ಹೋಗಬೇಕು, ಆಮೇಲೆ ಹಲ್ಲು ಹೋಗಬೇಕು, ಅಷ್ಟಾದ ಮೇಲೂ ಪಂಚಾಯಿತಿ ಕಟ್ಟೆಯ ಮೇಲೆ ಜಾಗ ಖಾಲಿಯಾಗುವವರೆಗೆ ಕಾಯಬೇಕು.

ಊರಿಗೆ ವಾಪಸು ಬರುವ ಬಸ್ಸು ತಡಸ ಕ್ರಾಸ್ ತಲುಪುವಷ್ಟರಲ್ಲಿ ನಾನೂ ಮಿಷನ್‌ಗೆ ಹೊರಡುವುದೆಂದು ತೀರ್ಮಾನವಾಗಿತ್ತು.

ಪಟ್ಟಿ ಮಾಡಿಸಿದ್ದು ಹುಬ್ಬಳ್ಳಿಯ ಒಂದು ರಬ್ಬರ್ ಸ್ಟ್ಯಾಂಪಿನ ಅಂಗಡಿಯಲ್ಲಿ. ಮೇಲೆ ‘ಹಿರಿಯ’, ಕೆಳಗೆ ನಮ್ಮ ಮನೆತನದ ಹೆಸರು. ಅಂಗಡಿಯವರು ಕೇಳಿದರು, ‘ಯಾವ ಕಂಪನಿರೀ?’

‘ಕಂಪನಿ ಅಲ್ರೀ, ಮಿಶನ್.’

‘ಯಾವ ಮಿಶನ್?’

‘ಅದಿನ್ನೂ ನಕ್ಕಿ ಆಗಿಲ್ರಿ.’

ಅವರು ನನ್ನನ್ನೊಮ್ಮೆ ನೋಡಿ ಪೂರ್ತಿ ರೊಕ್ಕ ಮುಂಗಡವಾಗಿಯೇ ತೆಗೆದುಕೊಂಡರು.

ಅತ್ತಿವೇರಿಯಲ್ಲಿ ಧ್ಯೇಯ ಹುಡುಕುವುದು ಸುಲಭವಲ್ಲ ಎಂಬುದನ್ನು ಇಲ್ಲಿ ಹೇಳಬೇಕು. ಪೈಪೋಟಿ ಬಹಳ. ಪಕ್ಕದ ಮುಂಡಗೋಡದಲ್ಲಿ 1966ರಿಂದ ಟಿಬೆಟನ್ನರ ಕ್ಯಾಂಪುಗಳಿವೆ. ಡ್ರೆಪುಂಗ್, ಗಂದೆನ್ ಮಠಗಳಲ್ಲಿ ನನ್ನ ವಯಸ್ಸಿನ ಸಾವಿರಾರು ಭಿಕ್ಷುಗಳು ಹದಿನೈದು ಇಪ್ಪತ್ತು ವರ್ಷ ಕೂತು ತರ್ಕ ಓದಿ, ಚಪ್ಪಾಳೆ ತಟ್ಟಿ ವಾದಿಸಿ ಗೆಶೆ ಪದವಿ ಪಡೆಯುತ್ತಾರೆ. ಊರಲ್ಲೇ ಬಸವಧಾಮವಿದೆ. ಸಾಲದ್ದಕ್ಕೆ ಕೆರೆಗೆ ನವೆಂಬರಿನಿಂದ ಮಾರ್ಚಿನವರೆಗೆ ಚಮಚದ ಕೊಕ್ಕಿನವು, ಕೆಂಬರಲು, ನೀರುಕಾಗೆ ಎಲ್ಲ ಬಂದು ತಮ್ಮ ಕೆಲಸ ಮುಗಿಸಿ ಹೇಳದೆ ಕೇಳದೆ ಹೋಗುತ್ತವೆ. ಪಕ್ಷಿಧಾಮದ ದಡದಲ್ಲಿ ಬೆಳಗಿನ ಹೊತ್ತು ಒಂಟಿ ಕಾಲಲ್ಲಿ ನಿಂತ ಬೆಳ್ಳಕ್ಕಿಗಿರುವ ಗಾಂಭೀರ್ಯ ಬಿಳಿ ಅಂಗಿಯ ನನಗೆ ಎಷ್ಟು ಕನ್ನಡಿ ನೋಡಿದರೂ ಬರಲಿಲ್ಲ. ಮನೆ ಬಿಟ್ಟು ಬಂದವರನ್ನು ಅರ್ಧ ಶತಮಾನ ನೋಡಿದ ಸೀಮೆ ಇದು. ಮನೆ ಬಿಡುತ್ತೇನೆ ಅಂದರೆ ‘ಊಟ ಮಾಡಿ ಬಿಡು’ ಅನ್ನುತ್ತಾರೆ.

ಮನೆಯಲ್ಲಿ ಸುದ್ದಿ ಒಡೆದೆ. ‘ಆಯಿ, ನಾ ಮಿಶನ್‌ಗೆ ಹೊಂಟೀನಿ.’

ಆಯಿ ಎಲೆಗೆ ಸುಣ್ಣ ಹಚ್ಚುತ್ತಿದ್ದಳು. ‘ಹಿಟ್ಟಿನ ಮಿಶಿನ್ನಿಗೋ? ಹಂಗಾರ ಒಂದ್ ಅಡ್ಡಲಿ ಜ್ವಾಳಾ ಒಯ್ಯಿ.’

ವಿವರಿಸಿದೆ. ಎರಡು ವರ್ಷ ಮನೆಗೆ ಬರುವಂತಿಲ್ಲ, ವಾರಕ್ಕೊಂದು ಇಮೇಲು, ವರ್ಷಕ್ಕೆ ಎರಡೇ ಸಲ ಫೋನು – ಆಗ ಅವರ ನಿಯಮ ಹಾಗಿತ್ತು. ಮರುವರ್ಷ ವಾರಕ್ಕೊಮ್ಮೆ ಮಾತಾಡಬಹುದು ಅಂತ ಸಡಿಲಿಸಿದರು. ಅವ್ವ ಒಲೆಯ ಮುಂದಿನಿಂದಲೇ ನಕ್ಕಳು. ನಾನು ಹುಬ್ಬಳ್ಳಿ ಬಸ್ಸು ಹತ್ತಿದರೆ ತಡಸ ದಾಟುವುದರೊಳಗೆ ಎರಡು ಸಲ ಫೋನ್ ಮಾಡುವವಳು ಅವಳು. ಚಹಾ ಬಿಟ್ಟಿದ್ದು ಮಾತ್ರ ದೊಡ್ಡ ಅನಾಹುತವಾಯಿತು. ಮಾರ್ಮನ್ನರು ಚಹಾ ಕಾಫಿ ಕುಡಿಯುವುದಿಲ್ಲ, 1833ರಿಂದ ಬಂದ ಕಟ್ಟಳೆ. ನಾನೂ ಬಿಟ್ಟೆ. ಎರಡನೇ ದಿನ ಆಯಿ ನನ್ನ ಕಣ್ಣರೆಪ್ಪೆ ಕೆಳಗೆಳೆದು ನೋಡಿ ಕಾಮಣಿ ಅಂದಳು, ಮೂರನೇ ದಿನ ಔಷಧಕ್ಕೆ ಬೇರು ತರಿಸಿದಳು. ಅದರ ರುಚಿಯನ್ನು ನಾನಿಲ್ಲಿ ವರ್ಣಿಸುವುದಿಲ್ಲ.

ಇನ್ನು ಸೋದರಮಾವ. ಪ್ರತಿ ಮನೆತನಕ್ಕೂ ಇಂಥವರೊಬ್ಬರು ಇರುತ್ತಾರೆ. ನೀವು ಬಚ್ಚಲಿಗೆ ಹೋಗುತ್ತೇನೆ ಅಂದರೂ ಅಲ್ಲಿ ಮೊದಲು ಹೋಗಿಬಂದ ಮಹಾಪುರುಷರ ಚರಿತ್ರೆ ಹೇಳುವವರು. ‘ಮಿಶನ್ ಅಂದ್ರ ಕಿಟೆಲ್ ಸಾಹೇಬನ್ನ ನೋಡಲೇ. ಬಾಸೆಲ್ ಮಿಶನ್ನಿನಾಂವ. ಜರ್ಮನಿಯಿಂದ 1853ರಾಗ ಧಾರವಾಡಕ್ಕ ಬಂದ. ಕನ್ನಡ ಕಲಿತ. 1894ರಾಗ ಎಪ್ಪತ್ತು ಸಾವಿರ ಶಬ್ದದ ಡಿಕ್ಷನರಿ ಮಾಡಿದ. ನೀ ಏನ್ ಮಾಡಿ?’

ನಾನು ಮೂರು ಅಂಗಿ ಮಾಡಿದ್ದೆ. ಹೇಳಲಿಲ್ಲ. ಎರಡು ವರ್ಷ ಖಾಲಿ ಇದ್ದರೆ ಬ್ಯಾಂಕಿನ ಪರೀಕ್ಷೆಗೆ ಕೂಡಬೇಕೆಂದು ಹೇಳಿ ಅವರು ನನ್ನ ಪಾಲಿನ ಚಹಾವನ್ನೂ ಕುಡಿದುಹೋದರು.

ಮಾರ್ಮನ್ ಮಿಷನರಿ ಒಬ್ಬನೇ ತಿರುಗುವಂತಿಲ್ಲ, ಜೊತೆಗಾರ ಬೇಕು, ಸದಾ ಒಬ್ಬರ ಕಣ್ಣಳತೆಯಲ್ಲಿ ಇನ್ನೊಬ್ಬರಿರಬೇಕು. ನನಗೆ ಸಿಕ್ಕಿದ್ದು ಕಾಕಾನ ಮಗ. ಪಿಯುಸಿ ಫಲಿತಾಂಶ ಬಂದ ದಿನದಿಂದ ಅವನಿಗೂ ಮನೆ ಬಿಟ್ಟು ಎಲ್ಲಿಯಾದರೂ ಇರಬೇಕಿತ್ತು. ಎರಡನೇ ಅಂಗಿ ಅವನಿಗೆ ಕೊಟ್ಟೆ. ಟೈ ಒಂದೇ ಇದ್ದದ್ದರಿಂದ ಅವನು ಶಾಲೆಯ ಹಳೆಯ, ಎಲಾಸ್ಟಿಕ್ ಇರುವ ಗೇಣುದ್ದದ ಕೆಂಪು ಟೈ ಹಾಕಿಕೊಂಡ.

ಹೀಗೆ ಮೇ ತಿಂಗಳ ಕೊನೆಯ ಒಂದು ಬೆಳಗ್ಗೆ, ಒಂದು ಮಳೆ ಬಿದ್ದು ಊರೆಲ್ಲ ಹೊಲದ ಕಡೆ ಮುಖ ಮಾಡಿದಾಗ, ನಾವಿಬ್ಬರು ಹಿರಿಯರು ತಾಲೀಮಿಗೆ ಹೊರಟೆವು. ನಮ್ಮ ಓಣಿಯಲ್ಲಿ ಶುರುಮಾಡಿದರೆ ನಗುತ್ತಾರೆ ಅಂತ ಊರಿನ ಆಚೆ ತುದಿಯ ಓಣಿ ಆರಿಸಿಕೊಂಡೆವು.

‘ಅಣ್ಣಾ, ಏನ್ ಹೇಳೂದು?’

‘ಒಂದು ಒಳ್ಳೆ ಸುದ್ದಿ ಹೇಳಾಕ ಬಂದೇವಿ ಅನ್ನೂದು.’

‘ಯಾವ ಸುದ್ದಿ?’

‘ಮೊದಲ ಬಾಗಲಾ ತಗೀಲಿ ತಡಿ.’

ತೊಡಕು ಅಲ್ಲೇ ಇತ್ತು. ಬಾಗಿಲು ತೆರೆದೇ ಇತ್ತು. ನಮ್ಮೂರಲ್ಲಿ ಹಗಲು ಬಾಗಿಲು ಹಾಕುವುದು ಮನೆಯಲ್ಲಿ ಯಾರೂ ಇಲ್ಲದಾಗ, ಇಲ್ಲವೇ ಇದ್ದವರು ಕಾಣಿಸಿಕೊಳ್ಳಲು ಒಲ್ಲದಾಗ. ಬಂದವರು ಅಂಗಳದಲ್ಲಿ ನಿಂತು ‘ಅದೀರೇನ್ರೀ’ ಅಂತ ಕೂಗುತ್ತಾರೆ, ಅಷ್ಟೆ. ನಾನಾದರೋ ಎರಡು ದಿನ ಟ್ರಂಕಿನ ಮೇಲೆ ಮೂರು ಬೆರಳಿನಿಂದ ತಟ್ಟುವುದನ್ನು ಅಭ್ಯಾಸ ಮಾಡಿದ್ದೆ. ಹಗುರವಾಗಿ ಎರಡು, ಒಂದಿಷ್ಟು ಬಿಟ್ಟು ಮತ್ತೊಂದು. ತೆರೆದ ಬಾಗಿಲಿಗೆ ತಟ್ಟಿ ನೋಡಿದೆ, ಅದು ‘ಕಿರ್’ ಎಂದು ಗೋಡೆಯ ಕಡೆ ಸರಿದುಹೋಯಿತು. ಮತ್ತೆ ಎಳೆದು ತಟ್ಟಿದೆ, ಮತ್ತೆ ಸರಿಯಿತು. ಹೀಗೆ ಬಾಗಿಲಿನ ಜೊತೆ ಸ್ವಲ್ಪ ಹೊತ್ತು ಆಡಿದ ಮೇಲೆ ನನಗೆ ಹೊಳೆಯಿತು: ತಟ್ಟಬೇಕಾದರೆ ಮೊದಲು ಬಾಗಿಲು ಮುಚ್ಚಿರಬೇಕು. ತಮ್ಮನಿಗೆ ಕಣ್ಸನ್ನೆ ಮಾಡಿದೆ. ಅವನು ಎರಡೂ ಕದ ಎಳೆದು, ಅವು ಮತ್ತೆ ಸರಿಯಬಾರದೆಂದು ಹೊರಗಿನ ಚಿಲಕವನ್ನೂ ಹಾಕಿದ.

ಈಗ ತಟ್ಟಿದೆ. ಎರಡು, ಆಮೇಲೆ ಒಂದು.

ಒಳಗೆ ಒಮ್ಮೆಲೇ ಕತ್ತಲಾಯಿತು ಕಾಣುತ್ತದೆ. ಪಾತ್ರೆ ಬಿದ್ದ ಸದ್ದು. ‘ಯಾರಲೇ ಬಾಗಲಾ ಹಾಕಿದಾವ್ರು?’ ಎಂಬ ಆ ಮನೆಯ ದೊಡ್ಡವ್ವನ ದನಿ. ಕಿಟಕಿಯಲ್ಲಿ ಮೊಮ್ಮಗಳ ಮೂಗು ಕಾಣಿಸಿ ಮಾಯವಾಗಿ, ಚೀರು: ‘ಆಯೀ, ಟೈ ಕಟ್ಟಿದಾವ್ರು! ಚಿಲಕಾ ಹಾಕ್ಯಾರ!’

ಆ ವರ್ಷಗಳಲ್ಲಿ ಟೈ ಕಟ್ಟಿ, ಚೀಲ ಹಾಕಿಕೊಂಡು, ಎದೆಗೆ ಹೆಸರಿನ ಪಟ್ಟಿ ಚುಚ್ಚಿಕೊಂಡು ಊರೊಳಗೆ ಬರುವವರು ಒಂದೇ ಜಾತಿಯವರು ಎಂಬುದು ನನಗೆ ಆ ಕ್ಷಣದವರೆಗೂ ಹೊಳೆದಿರಲಿಲ್ಲ. ಸಂಘದ ಸಾಲದ ಕಂತಿನವರು. ಕಂತು ತಪ್ಪಿದ ಮನೆಯ ಬಾಗಿಲಿಗೆ ಅವರು ಏನು ಮಾಡುತ್ತಾರೆ ಎಂಬ ಬಗ್ಗೆ ಹೆಣ್ಣುಮಕ್ಕಳ ನಡುವೆ ಏನೇನೋ ಸುದ್ದಿ ಓಡಾಡುತ್ತಿತ್ತು. ನಾವು ಬಾಗಿಲು ಹಾಕಿ, ಚಿಲಕ ಜಡಿದು, ಸಭ್ಯವಾಗಿ ತಟ್ಟುತ್ತಿದ್ದೆವು.

ಹೆದರಿದರು ಅಂತ ಗೊತ್ತಾಯಿತು. ಸಮಾಧಾನ ಮಾಡೋಣವೆಂದು ಕದಕ್ಕೆ ಬಾಯಿ ಹಚ್ಚಿ, ನನ್ನಿಂದಾದಷ್ಟು ಮೆದುವಾಗಿ ಕೂಗಿದೆ: ‘ಹೆದರಬ್ಯಾಡ್ರೀ! ನಾವು ಮಿಶನ್ ಮ್ಯಾಲ ಬಂದೇವಿ!’

ಒಂದು ಗಳಿಗೆ ನಿಶ್ಶಬ್ದ. ಆಮೇಲೆ ಒಳಗಿನಿಂದ ಪಿಸುಮಾತಿನ ದನಿಯಲ್ಲೇ ಕಿರಿಚಿದ ಹಾಗೆ: ‘ಮಿಶಿನ್ನಿನ ಮ್ಯಾಲ ಬಂದಾರ!’

ಆ ಮನೆಯಲ್ಲೊಂದು ಹೊಲಿಗೆ ಮಿಶಿನ್ ಇತ್ತು. ಸಾಲದಲ್ಲಿ ತೆಗೆದುಕೊಂಡಿದ್ದು.

ನಾವು ಕಾದೆವು. ಮಿಷನರಿಗೆ ತಾಳ್ಮೆ ಮುಖ್ಯ. ಒಳಗಿನಿಂದ ಕಬ್ಬಿಣ ಕಲ್ಲಿಗೆ ಉಜ್ಜಿದ ಸದ್ದು, ಬಳೆಯ ಸದ್ದು, ‘ಕಾಲ್ ಹಿಡಿ, ಕಾಲ್ ಹಿಡಿ’ ಎಂಬ ದನಿ. ಯಾರದೋ ಕಾಲಿಗೆ ಬೀಳುತ್ತಿದ್ದಾರೆ ಅಂದುಕೊಂಡು ನಾನು ಸಂಕೋಚಪಟ್ಟೆ. ನೋಡಿಬರಲೆಂದು ಮನೆಯ ಮಗ್ಗುಲಿಗೆ ಹೋದ ತಮ್ಮ (ಕಣ್ಣಳತೆಯ ನಿಯಮ ಮುರಿದು) ಓಡುತ್ತ ವಾಪಸು ಬಂದ.

‘ಅಣ್ಣಾ, ಹೊಲಿಗಿ ಮಿಶಿನ್ ಓಡಿಹೊಂಟೈತಿ.’

ಹೋಗಿ ನೋಡಿದರೆ ನಿಜ. ಹಿತ್ತಲ ಬೇಲಿಯ ಮೇಲೆ ಮಿಶಿನ್ನಿನ ಕರಿ ತಲೆ ಮಾತ್ರ ಕಾಣುತ್ತಿತ್ತು, ಹೊಲದ ಕಡೆ ತೇಲುತ್ತಿತ್ತು. ಕೆಳಗೆ ಹೊತ್ತವರು ದೊಡ್ಡವ್ವ ಮತ್ತು ಸೊಸೆ, ಹಿಂದೆ ತುಳಿಯುವ ಪಾಟಿ ಹಿಡಿದ ಮೊಮ್ಮಗಳು. ನಿಜ ಹೇಳಿ ನಿಲ್ಲಿಸಬೇಕು ಎಂದು ನಾನು ಬೆನ್ನಟ್ಟಿದೆ. ‘ನಿಂದರ್ರೀ, ಮಿಶನ್ ಅಂದ್ರ ಅದಲ್ರೀ!’ ನಾನು ಕೂಗಿದಷ್ಟೂ ಮಿಶಿನ್ ಜೋರು ಓಡಿತು. ಹಸಿ ನೆಲದಲ್ಲಿ ನನ್ನ ಕರಿ ಬೂಟು ಎರಡು ಸಲ ಕಳಚಿತು. ಗಾಳಿಗೆ ಟೈ ಹೆಗಲ ಹಿಂದೆ ಹೋಗಿ ಬೆನ್ನು ಬಡಿಯಿತು. ಇಬ್ಬರು ಟೈವಾಲಾಗಳು ಒಂದು ಹೊಲಿಗೆ ಮಿಶಿನ್ ಬೆನ್ನು ಹತ್ತಿದ್ದನ್ನು ಓಣಿಯೇ ನೋಡಿತು. ಕಂಡಕೂಡಲೇ ಅವರೂ ತಮ್ಮ ಕೆಲಸಕ್ಕೆ ಇಳಿದರು. ಒಂದು ಮನೆಯಿಂದ ಗ್ರೈಂಡರ್ ಹೊರಬಿತ್ತು, ಇನ್ನೊಂದರಿಂದ ಕೌದಿ ಸುತ್ತಿದ ಟಿವಿ, ಮತ್ತೊಂದರಿಂದ ಎರಡು ಆಡು. ಎಲ್ಲವೂ ಹಿತ್ತಲ ದಾರಿಯಲ್ಲಿ ಕೆರೆಯ ಕಡೆ ಹೊರಟವು. ಮಿಷನ್ನಿಗೆ ಹೊರಟಿದ್ದು ಕೊನೆಗೂ ಓಣಿಯ ಸಾಮಾನು.

ದೊಡ್ಡವ್ವ ಬಣವೆಯ ಹತ್ತಿರ ಒಮ್ಮೆ ತಿರುಗಿ ನೋಡಿದಳು. ಕಣ್ಣಿಗೆ ಪೊರೆ ಬಂದಿತ್ತು, ಮುಖ ಕಾಣುವಂತಿರಲಿಲ್ಲ. ಆದರೆ ನಿಂತಳು. ‘ತಡೀರಿ ತಡೀರಿ. ಈ ಓಟಾ ನಂಗ ಗೊತ್ತೈತಿ. ಇಂವಾ ನಮ್ಮ ಮಾವಿನಕಾಯಿ ಕದ್ದು ಓಡಾಂವ!’

ಆಮೇಲೆ ಆಕೆ ಬೈದದ್ದನ್ನು ಬರೆಯುವಂತಿಲ್ಲ. ಬೈದು ಸುಸ್ತಾಗಿ ಬಣವೆಯ ನೆರಳಲ್ಲಿ ಕೂತು ನಕ್ಕಳು, ನಕ್ಕು ಕಣ್ಣೊರೆಸಿಕೊಂಡಳು. ಮನೆಗೆ ಕರೆದು ಚಹಾ ಕೊಟ್ಟಳು. 1833ರ ಕಟ್ಟಳೆ ನನ್ನ ಮಟ್ಟಿಗೆ ಅಲ್ಲಿಗೆ ಮುಗಿಯಿತು. ಎರಡು ಲೋಟ ಕುಡಿದೆ.

‘ಹೌದಲ್ಲೋ, ಸಾಲಿ ಕಲ್ತಾಂವ ಅದಿ, ಇದನ್ನಾರ ನೋಡು’ ಎಂದು ಬೆಲ್ಲದ ಡಬ್ಬಿಯಿಂದ ಸಾಲದ ಕಾರ್ಡು ತೆಗೆದಳು. ಇಪ್ಪತ್ತು ಸಾವಿರ, ಬಡ್ಡಿ ಹನ್ನೆರಡು ಅಂದಿದ್ದರಂತೆ. ವರ್ಷದಲ್ಲಿ ಹನ್ನೆರಡು ಕಂತು, ತಿಂಗಳಿಗೆ 1,867. ಏಳು ಕಟ್ಟಿದ್ದಳು, ಎರಡು ತಪ್ಪಿದ್ದವು. ಸುಳ್ಳೇನೂ ಹೇಳಿರಲಿಲ್ಲ ಅವರು. ಅಸಲು ತಿಂಗಳು ತಿಂಗಳು ತೀರುತ್ತ ಬಂದರೂ ಬಡ್ಡಿಯನ್ನು ಮಾತ್ರ ಕೊನೆಯವರೆಗೂ ಪೂರ್ತಿ ಇಪ್ಪತ್ತು ಸಾವಿರದ ಮೇಲೆ ಹಾಕಿದ್ದರು, ಅಷ್ಟೆ. ತೀರಿದ್ದನ್ನು ಕಳೆದು ಲೆಕ್ಕ ಹಾಕಿದರೆ ಆ ಹನ್ನೆರಡು ಇಪ್ಪತ್ತೊಂದರ ಮೇಲೆ ಹೋಗುತ್ತದೆ. ಕಾಲೇಜಿನಲ್ಲಿ ಇದು ಐದು ಮಾರ್ಕಿನ ಪ್ರಶ್ನೆ. ನಾನು ಸರಿಯಾಗಿಯೇ ಬರೆದಿದ್ದೆ. ಒಂದು ಬೆಲ್ಲದ ಡಬ್ಬಿಯೊಳಗೆ ಅದು ಇರಬಹುದು ಅಂತ ತಲೆಗೆ ಬಂದಿರಲಿಲ್ಲ. ಹಾಳೆಯ ಮೇಲೆ ಬರೆದು ತೋರಿಸಿದೆ. ದೊಡ್ಡವ್ವನಿಗೆ ಆಶ್ಚರ್ಯವೇನೂ ಆಗಲಿಲ್ಲ. ‘ಅದಕ್ಕ ಅಂತೀನಿ, ಕಟ್ಟಿದಷ್ಟೂ ಹಂಗ ಐತಿ’ ಅಂದಳು.

ಕಂತಿಗೆ ರೊಕ್ಕ ಕಳಿಸುತ್ತಿದ್ದವನು ಮಗ. ನನಗಿಂತ ಒಂದು ವರ್ಷ ದೊಡ್ಡವನು, ಏಳನೆಯ ತರಗತಿಯವರೆಗೆ ಜೊತೆಗೇ ಓದಿದವನು. ಗೋವಾದಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿ ಎರಡು ವರ್ಷವಾಗಿತ್ತು. ಹೊರಟ ರಾತ್ರಿ ನಾನು ಊರಲ್ಲೇ ಇದ್ದೆ, ನನಗೆ ಗೊತ್ತಾಗಿದ್ದು ವಾರದ ನಂತರ. ಗೊಬ್ಬರದ ಚೀಲದಲ್ಲಿ ಎರಡು ಅಂಗಿ, ರೊಟ್ಟಿ ಕಟ್ಟಿಕೊಂಡು ಹೋದನಂತೆ. ಅವನನ್ನು ಯಾರೂ ಊಟಕ್ಕೆ ಕರೆದಿರಲಿಲ್ಲ. ನಮ್ಮ ಓಣಿಯಿಂದಲೂ ಹಾಗೆ ನಾಲ್ಕು ಜನ ಹೋಗಿದ್ದಾರೆ. ಅವರ ಬಗ್ಗೆ ಮಾವ ಎಂದೂ ಭಾಷಣ ಮಾಡಿದ್ದು ನೆನಪಿಲ್ಲ.

ದೊಡ್ಡವ್ವ ನನ್ನ ಟೈ ಮುಟ್ಟಿ ನೋಡುತ್ತ ಕೇಳಿದಳು, ‘ಅಂವಾ ನಿನ್ನ ಬೆಂಗಳೂರ ಗೆಳ್ಯಾ ಹೊಂಟಾನಲ್ಲ, ಪಗಾರ ಎಷ್ಟಂತ?’

‘ಪಗಾರಿಲ್ಲ ದೊಡ್ಡವ್ವ. ತಾನ ರೊಕ್ಕಾ ಹಾಕ್ಕೊಂಡು ಹೋಗ್ತಾನ. ಒಂದು ವರ್ಷ ಮೊಬೈಲ್ ಅಂಗಡ್ಯಾಗ ದುಡಿದು ಕೂಡಿಟ್ಟಾನ.’

ಆಕೆ ಬಹಳ ಹೊತ್ತು ಸುಮ್ಮನಿದ್ದಳು.

‘ರೊಕ್ಕಾ ಕೊಟ್ಟು ಮನಿ ಬಿಡ್ತಾನ?’

ನನಗೆ ಅದಕ್ಕೆ ಏನು ಹೇಳಬೇಕೋ ತಿಳಿಯಲಿಲ್ಲ. ಎದೆಯ ಮೇಲಿನ ‘ಹಿರಿಯ’ನನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡೆ.

ಮಿಶಿನ್ ಹೊಲದಲ್ಲೇ ಇತ್ತಲ್ಲ. ಓಡುವಾಗ ಗೊತ್ತಾಗದ ಭಾರ ತರುವಾಗ ಗೊತ್ತಾಯಿತು. ಸೈಕಲ್ಲಿನ ಕ್ಯಾರಿಯರ್ ಮೇಲೆ ಇಟ್ಟೆವು, ಕಟ್ಟಲು ಹಗ್ಗವಿಲ್ಲ. ತಮ್ಮನ ಎಲಾಸ್ಟಿಕ್ ಟೈ ಮೊದಲ ಎಳೆತಕ್ಕೇ ಕಿತ್ತು ಅವನ ಮುಖಕ್ಕೆ ಹೊಡೆಯಿತು. ನನ್ನ ಕಡುನೀಲಿ ಟೈ ಬಿಚ್ಚಿ ಎರಡು ಸುತ್ತು ಹಾಕಿ ಬಿಗಿದೆವು. ದುರ್ಗದಬೈಲಿನವರು ನೂರಾ ಇಪ್ಪತ್ತಕ್ಕೆ ಕೊಟ್ಟಿದ್ದು, ಒಂದು ಎಳೆಯೂ ಸಡಿಲಾಗಲಿಲ್ಲ. ಊರೊಳಗೆ ಬರುವಾಗ ಹಿತ್ತಲುಗಳಿಂದ ಗ್ರೈಂಡರು, ಆಡು, ಟಿವಿಗಳು ವಾಪಸು ಬರುತ್ತಿದ್ದವು. ಹೊತ್ತವರು ಒಬ್ಬರೂ ನಮ್ಮನ್ನು ಮಾತಾಡಿಸಲಿಲ್ಲ.

ಮೂರನೇ ವರ್ಷದ ಕಾಲೇಜು ಶುರುವಾಯಿತು, ಹೋದೆ. ದೊಡ್ಡವ್ವನ ಉಳಿದ ಕಂತುಗಳ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದುಕೊಟ್ಟಿದ್ದೆ. ಕಂತಿನವನಿಗೆ ಅದನ್ನು ತೋರಿಸಿ ವಾದಿಸಿದಳಂತೆ, ಅವನು ಬಡ್ಡಿಯ ಮಾತು ಬಿಟ್ಟು ಲೆಕ್ಕ ಬರೆದವರು ಯಾರು ಅಂತ ಮಾತ್ರ ಕೇಳಿಹೋದನಂತೆ. ಹಾಗಾಗಿ ಒಂದೆರಡು ತಿಂಗಳು ನಾನು ಆ ಓಣಿಯ ಕಡೆ ತಿರುಗಲಿಲ್ಲ.

ಟೈ ವಾಪಸು ಬರಲೇ ಇಲ್ಲ. ದಸರಾ ರಜೆಗೆ ಬಂದಾಗ ಕಂಡೆ: ದೊಡ್ಡವ್ವನ ಮನೆಯ ಮುಂದೆ ಹೊಸ ಕರು, ಕೊರಳಲ್ಲಿ ಕಡುನೀಲಿ ಟೈ, ಅದಕ್ಕೊಂದು ಸಣ್ಣ ಗಂಟೆ. ಹಗ್ಗವಾದರೆ ಎಳೆಗರುವಿನ ಕುತ್ತಿಗೆ ಉಜ್ಜುತ್ತದೆ, ಇದು ಮೆತ್ತಗೈತಿ ಅಂದಳು. ಫೋಟೋ ತೆಗೆದು ದೆಹಲಿಯ ಗೆಳೆಯನಿಗೆ ಇಮೇಲ್ ಮಾಡಿದೆ. ಅವನಿಗೆ ವಾರಕ್ಕೊಂದೇ ದಿನ, ಬಟ್ಟೆ ಒಗೆದುಕೊಳ್ಳುವ ಬಿಡುವಿನ ದಿನ, ಓದಲು ಸಿಗುವುದು. ಆರು ದಿನ ಬಿಟ್ಟು ಉತ್ತರ ಬಂತು: ‘ಗಂಟು ನನ್ನದಕ್ಕಿಂತ ಚೆನ್ನಾಗಿ ಕೂತಿದೆ. ಯಾರು ಕಟ್ಟಿದ್ದು?’